ಒಂದು ಹೊಳೆ, ಎರಡು ನೀರು

ದೀಪಾವಳಿ ಕಳೆದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಕರಾವಳಿಯ ಹೊಳೆಗಳಲ್ಲಿ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವ ಕೆಲಸ ಸುರುವಾಗುತ್ತದೆ. ಸಾಲು ಕಂಬಗಳ ನಡುವಿನ ಕಿಂಡಿಗಳಲ್ಲಿ ಎರಡು ಸಾಲು ಹಲಗೆ ಇಳಿಸಿ, ಅವುಗಳ ನಡುವೆ ಮಣ್ಣು ತುಂಬಿ, ಹರಿಯುವ ನೀರನ್ನು ನಿಲ್ಲಿಸುತ್ತಾರೆ. ಈಚೆಗೆ ಮರದ ಹಲಗೆಗೆ ಬದಲಾಗಿ ಫೈಬರಿನ ಹಲಗೆಗಳೂ ಬಂದಿವೆ. ಮಳೆಗಾಲಕ್ಕೆ ಮುಂಚೆ ಮತ್ತೆ ಎಲ್ಲವನ್ನೂ ತೆಗೆದಿಡಬೇಕು. ಇಲ್ಲವಾದರೆ ಮೊದಲ ನೆರೆಗೆ ಹಲಗೆಯೂ ಹೋಯಿತು, ದಂಡೆಯ ತೋಟವೂ ಹೋಯಿತು. ಸುಗ್ಗಿ ಮತ್ತು ಕೊಳಕೆ ಬೆಳೆಗೆ, ಅಡಿಕೆ ತೋಟಕ್ಕೆ, ಸುತ್ತಲಿನ ಬಾವಿಗಳ ಒರತೆಗೆ ಈ ನೀರೇ ಆಧಾರ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಮಾರ್ಚ್ ತಿಂಗಳಿಗೆ ನೀರಿನ ಚಿಂತೆ ಹತ್ತುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಘಟ್ಟದಿಂದ ಸಮುದ್ರಕ್ಕಿರುವ ದೂರ ಕಡಿಮೆ, ಇಳಿಜಾರು ಹೆಚ್ಚು. ಬಂದ ನೀರು ಬಂದ ಹಾಗೆಯೇ ಅರಬ್ಬೀ ಸಮುದ್ರಕ್ಕೆ ಓಡುತ್ತದೆ.

ಇದಿಷ್ಟು ಎಲ್ಲರಿಗೂ ಗೊತ್ತಿರುವ ವಿಷಯ. ಹಲಗೆ ಹಾಕಿದ ಮರುದಿನದಿಂದ ಆ ಜಾಗದ ಹಕ್ಕಿಗಳ ಲೆಕ್ಕಾಚಾರವೂ ಬದಲಾಗುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ. ಮನೆಮಂದಿಯೆಲ್ಲ ಸೇರಿ ಒಂದು ಭಾನುವಾರ ಇದನ್ನು ಕಣ್ಣಾರೆ ನೋಡಿ ಬರಬಹುದು. ಖರ್ಚು ಬಸ್ಸಿನ ಟಿಕೇಟು ಮತ್ತು ಬುತ್ತಿ, ಅಷ್ಟೆ.

ನಿಟ್ಟೆಯ ಸುತ್ತಮುತ್ತ ಇರುವವರಿಗೆ ಶಾಂಭವಿ ಹೊಳೆ ಹತ್ತಿರ. ಕಾರ್ಕಳ–ಪಡುಬಿದ್ರಿ ದಾರಿಯಲ್ಲಿ ಬೆಳ್ಮಣ್‌ಗೆ ಹೋಗಿ, ಅಲ್ಲಿಂದ ಮುಂಡ್ಕೂರು ದಾಟಿದರೆ ಸಂಕಲಕರಿಯದಲ್ಲಿ ಶಾಂಭವಿ ಎದುರಾಗುತ್ತದೆ. ಪಶ್ಚಿಮ ಘಟ್ಟದ ಬುಡದಲ್ಲಿ ಹುಟ್ಟಿ ಕಾರ್ಕಳ ತಾಲೂಕನ್ನು ಹಾದು ಮುಲ್ಕಿಯ ಕಡೆ ಸಾಗುವ ಈ ಹೊಳೆ ಸಸಿಹಿತ್ಲಿನಲ್ಲಿ ನಂದಿನಿಯೊಂದಿಗೆ ಕಡಲು ಸೇರುತ್ತದೆ. ಉಡುಪಿ, ಮಣಿಪಾಲದವರಿಗೆ ಸ್ವರ್ಣಾ ಹತ್ತಿರ. ಉಡುಪಿ ನಗರಕ್ಕೆ ಕುಡಿಯುವ ನೀರು ಕೊಡುವ ಬಜೆ ಅಣೆಕಟ್ಟು ಇರುವುದು ಅದೇ ನದಿಗೆ. ಕಿಂಡಿ ಅಣೆಕಟ್ಟು ಎಲ್ಲಿದೆ ಎಂದು ಊರಿನ ಯಾವ ಕೃಷಿಕರನ್ನು ಕೇಳಿದರೂ ಹೇಳುತ್ತಾರೆ. ಅವರ ತೋಟದ ಮೂಲಕ ಹಾದು ಹೋಗಬೇಕಾದರೆ ಮೊದಲೇ ಒಂದು ಮಾತು ಕೇಳಿಕೊಳ್ಳುವುದು ಮರ್ಯಾದೆ.

ನಮ್ಮ ಹೊಳೆಗಳೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವುದರಿಂದ ಹಕ್ಕಿ ನೋಡುವವರಿಗೆ ಒಂದು ಅನುಕೂಲವಿದೆ. ಬೆಳಿಗ್ಗೆ ಅಣೆಕಟ್ಟಿನ ಪಕ್ಕ ನಿಂತು ಕೆಳಗಡೆಗೆ, ಅಂದರೆ ಕಡಲಿನ ದಿಕ್ಕಿಗೆ ನೋಡಿದರೆ ಸೂರ್ಯ ಬೆನ್ನ ಹಿಂದೆ ಇರುತ್ತಾನೆ. ಹಕ್ಕಿಯ ಮೈಮೇಲೆ ಬೆಳಕು ಬಿದ್ದು ಬಣ್ಣ ನಿಚ್ಚಳವಾಗಿ ಕಾಣುತ್ತದೆ. ಸೂರ್ಯನಿಗೆ ಎದುರಾಗಿ ನೋಡಿದರೆ ಎಲ್ಲ ಹಕ್ಕಿಯೂ ಕಪ್ಪು ಹಕ್ಕಿಯೇ. ಆದುದರಿಂದ ಬೆಳಿಗ್ಗೆ ಕೆಳಗಿನ ನೀರು, ಸಂಜೆ ಮೇಲಿನ ನೀರು. ದಿನದ ಕಾರ್ಯಕ್ರಮವನ್ನು ಹೊಳೆಯೇ ಹಾಕಿಕೊಟ್ಟಂತಾಯಿತು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯೋದಯ ಆರೂಮುಕ್ಕಾಲರ ಸುಮಾರಿಗೆ. ಏಳು ಗಂಟೆಗೆ ಹೊಳೆಬದಿಯಲ್ಲಿದ್ದರೆ ಸರಿ. ಒಂಬತ್ತಕ್ಕೆ ನಿಧಾನವಾಗಿ ತಿಂಡಿ ತಿಂದು ಹೊರಟವರಿಗೆ ಹೊಳೆ ಸಿಗುತ್ತದೆ, ಹಕ್ಕಿ ಸಿಗುವುದಿಲ್ಲ.

ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಣ್ಣಿದೆ. ಕೊಳ್ಳುವವರಿಗೆ ಒಂದು ಮಾತು: ಅದರ ಮೇಲೆ 8 ಗುಣಿಸು 40 ಎಂದು ಬರೆದಿದ್ದರೆ ವಸ್ತು 8 ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಮಸೂರದ ಅಡ್ಡಳತೆ 40 ಮಿಲಿಮೀಟರ್ ಎಂದರ್ಥ. ನಲವತ್ತನ್ನು ಎಂಟರಿಂದ ಭಾಗಿಸಿದರೆ ಬರುವ 5 ಮಿಲಿಮೀಟರ್, ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ. ಹೆಚ್ಚು ಪಟ್ಟು ಎಂಬ ಆಸೆಗೆ 20 ಪಟ್ಟಿನದ್ದು ತಂದರೆ ಕೈಯ ನಡುಕವೂ ಇಪ್ಪತ್ತು ಪಟ್ಟಾಗಿ ಹಕ್ಕಿ ಕುಣಿಯುತ್ತದೆ. ಮಕ್ಕಳ ಕೈಗೆ ಎಂಟರದ್ದೇ ಸಾಕು.

ಇನ್ನು ಹೊಳೆಗೆ ಬರೋಣ. ಹಲಗೆಯ ಕೆಳಗೆ ನೀರು ತೆಳುವಾಗಿ, ಕಲ್ಲುಗಳ ನಡುವೆ ಸಣ್ಣ ಸಣ್ಣ ಕವಲಾಗಿ ಹರಿಯುತ್ತಿರುತ್ತದೆ. ಒದ್ದೆ ಕಲ್ಲು, ಹೊಯ್ಗೆ, ಪಾಚಿ, ಅಲ್ಲಲ್ಲಿ ಮೊಣಕಾಲುದ್ದದ ಗುಂಡಿ. ಇಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಾಲ ಕುಣಿಸುವ ಸಿಪಿಲೆ. ಕುಂಡೆಕುಸ್ಕ ಎಂಬ ಹೆಸರೂ ಇದಕ್ಕಿದೆ, ಆ ಹೆಸರು ಕೇಳಿದ ಮಗು ಹಕ್ಕಿಯನ್ನು ಮರೆಯುವುದಿಲ್ಲ. ಕಪ್ಪು ಬಿಳಿ ಬಣ್ಣದ, ಬಿಳಿ ಹುಬ್ಬಿನ ಸಿಪಿಲೆ ಇಲ್ಲಿಯದೇ, ವರ್ಷವಿಡೀ ಇರುತ್ತದೆ. ಹೊಟ್ಟೆಯ ಕೆಳಗೆ ಹಳದಿ, ಬೆನ್ನು ಬೂದು, ಬಾಲ ಉದ್ದ ಇರುವುದು ಬೂದು ಸಿಪಿಲೆ. ಅದು ಚಳಿಗಾಲದ ಅತಿಥಿ, ಹಿಮಾಲಯ ಮತ್ತು ಅದಕ್ಕೂ ಉತ್ತರದ ನಾಡುಗಳಿಂದ ಬರುವಂಥದು. ಅದರ ತೂಕ ಸುಮಾರು 18 ಗ್ರಾಂ. ಹತ್ತು ರೂಪಾಯಿಯ ಎರಡು ನಾಣ್ಯಗಳನ್ನು ಅಂಗೈಯಲ್ಲಿಟ್ಟುಕೊಂಡರೆ 15 ಗ್ರಾಂ ದಾಟುತ್ತದೆ. ಅದಕ್ಕಿಂತ ಸ್ವಲ್ಪವೇ ಹೆಚ್ಚು ತೂಕದ ಜೀವವೊಂದು ಹಿಮಾಲಯದಿಂದ ಕಾರ್ಕಳಕ್ಕೆ ಬಂದಿದೆ ಎಂಬುದನ್ನು ಮಗುವಿಗೆ ನಾಣ್ಯ ಕೊಟ್ಟೇ ಹೇಳಬೇಕು.

ಕಲ್ಲಿನ ಮೇಲೆ ಹಿಂಭಾಗವನ್ನು ಮೇಲೆ ಕೆಳಗೆ ಆಡಿಸುತ್ತ ಓಡುವ ಇನ್ನೊಂದು ಕಂದು ಹಕ್ಕಿ ಗೊರವದ ಜಾತಿಯದು, ಅದೂ ವಲಸೆಯದೇ. ಗುಂಡಿಗಳ ಅಂಚಿನಲ್ಲಿ ಬೆಳ್ಳಕ್ಕಿ ನಿಂತಿರುತ್ತದೆ. ಕೊಳದ ಬಕ ನಿಂತಿರುವುದು ಅದು ಹಾರಿದ ಮೇಲೆ ಗೊತ್ತಾಗುತ್ತದೆ. ನಿಂತಾಗ ಮಣ್ಣಿನ ಬಣ್ಣ, ಹಾರಿದಾಗ ಬಿಳಿ ರೆಕ್ಕೆ. ತುಳುವಿನಲ್ಲಿ ಇವುಗಳಿಗೆಲ್ಲ ಒಟ್ಟಾಗಿ ಕೊರ್ಂಗು ಎಂದರೆ ಆಯಿತು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗುವುದು ಉತ್ತಮ. ಪುಸ್ತಕದಲ್ಲಿಲ್ಲದ ಹೆಸರು, ಯಾವ ಹಕ್ಕಿ ಗದ್ದೆಗೆ ಯಾವಾಗ ಬರುತ್ತಿತ್ತು, ಯಾವುದು ಈಗ ಕಾಣುವುದಿಲ್ಲ ಎಂಬ ವಿವರ ಅವರ ಬಳಿ ಇರುತ್ತದೆ. ಕೇಳುವವರಿಲ್ಲದೆ ಅದು ಹೊರಬರುವುದಿಲ್ಲ. ಪುಸ್ತಕ ಬೇಕೆನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದೆ.

ಈಗ ಹಲಗೆಯ ಮೇಲ್ಭಾಗ. ಅಲ್ಲಿ ನೀರು ಅಲುಗದೆ ನಿಂತಿದೆ, ಆಳವಿದೆ. ಕಲ್ಲುಗಳು ಮುಳುಗಿವೆ. ಸಿಪಿಲೆಗೂ ಗೊರವಕ್ಕೂ ಅಲ್ಲಿ ಕಾಲೂರಲು ಜಾಗವಿಲ್ಲ. ಅದರ ಬದಲಿಗೆ ಮುಳುಗಿ ಮೀನು ಹಿಡಿಯುವ ನೀರುಕಾಗೆಗಳು ಬಂದಿರುತ್ತವೆ. ಅದೃಷ್ಟವಿದ್ದರೆ ಕತ್ತು ಮಾತ್ರ ನೀರಿನ ಮೇಲೆ ತೋರಿಸುತ್ತ ಈಜುವ ಹಾವಕ್ಕಿ. ದಂಡೆಯ ಪೊದೆಯಿಂದ ಬಿಳಿ ಎದೆಯ ಹುಂಡುಕೋಳಿ ಇಣುಕುತ್ತದೆ. ಮೇಲೆ ಗರುಡ ಸುತ್ತು ಹಾಕುತ್ತದೆ. (ಗರುಡನ ಬೆನ್ನಿನ ಇಟ್ಟಿಗೆ ಕೆಂಪನ್ನು ಮೇಲಿನಿಂದ ನೋಡುವ ಆಸೆಯಿದ್ದರೆ ಮಣಿಪಾಲದ ಎಂಡ್ ಪಾಯಿಂಟ್‌ಗೆ ಹೋಗಬೇಕು, ಅಲ್ಲಿ ಸ್ವರ್ಣಾ ನದಿ ಕಾಲ ಕೆಳಗೆ ಕಾಣುತ್ತದೆ.) ಇಪ್ಪತ್ತು ಹೆಜ್ಜೆಯ ಅಂತರದಲ್ಲಿ ಒಂದೇ ಹೊಳೆ ಎರಡು ಬೇರೆ ಬೇರೆ ಊರುಗಳಂತಾಗಿದೆ. ಮಾಡಿದ್ದು ಹಲಗೆ. ನೀರಿನ ಆಳ ಬದಲಾದರೆ ಕಾಲಿನ ಉದ್ದ, ಕೊಕ್ಕಿನ ಆಕಾರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ಹೊಂದಾಣಿಕೆ’ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವ ಪಾಠ ಇಲ್ಲಿ ಕಣ್ಣೆದುರಿಗೆ ನಡೆಯುತ್ತಿರುತ್ತದೆ.

ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಕೂರುವುದನ್ನು ನೋಡಿದ ಮಕ್ಕಳು ಏಕೆ ಎಂದು ಕೇಳಿಯೇ ಕೇಳುತ್ತಾರೆ. ಬಾತಿನ ಗರಿಯ ಮೇಲೆ ನೀರು ನಿಲ್ಲದೆ ಜಾರುತ್ತದೆ. ನೀರುಕಾಗೆಯ ಹೊರಗರಿಗಳು ನೀರು ಹೀರಿಕೊಳ್ಳುತ್ತವೆ. ಇದು ಕುಂದು ಎಂದು ತೋರಬಹುದು, ಆದರೆ ಗರಿಗಳ ನಡುವಿನ ಗಾಳಿ ಹೊರಗೆ ಹೋದಷ್ಟೂ ಹಕ್ಕಿ ಸುಲಭವಾಗಿ ಮುಳುಗುತ್ತದೆ. ತೇಲುವ ಚೆಂಡನ್ನು ನೀರಿನೊಳಗೆ ಒತ್ತಿ ಹಿಡಿಯಲು ಎಷ್ಟು ಕಷ್ಟ, ಒದ್ದೆ ಬಟ್ಟೆಯನ್ನು ಮುಳುಗಿಸಲು ಎಷ್ಟು ಸುಲಭ ಎಂಬುದನ್ನು ಬಟ್ಟೆ ಒಗೆದವರೆಲ್ಲ ಬಲ್ಲರು. ಮುಳುಗುವ ಅನುಕೂಲಕ್ಕೆ ತೆತ್ತ ಬೆಲೆ ಎಂದರೆ, ಆಮೇಲೆ ಕೂತು ಒಣಗಿಸಿಕೊಳ್ಳಬೇಕು.

ಮಿಂಚುಳ್ಳಿಗೆ ಎರಡೂ ಕಡೆ ಕೆಲಸವಿದೆ. ನೀಲಿ ಬೆನ್ನಿನ ಪುಟ್ಟ ಮಿಂಚುಳ್ಳಿ ಬಾಗಿದ ಕೊಂಬೆಯಿಂದ ಬೀಳುತ್ತದೆ. ಕಪ್ಪು ಬಿಳಿ ಮಿಂಚುಳ್ಳಿಗೆ ಕೊಂಬೆಯೂ ಬೇಡ, ನಿಂತ ನೀರಿನ ನಡುವೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತು ನೇರ ಕೆಳಕ್ಕೆ ಧುಮುಕುತ್ತದೆ. ಆ ನೇರವಾದ ಧುಮುಕುವಿಕೆಯಲ್ಲಿ ಭೌತಶಾಸ್ತ್ರವಿದೆ. ನೀರಿನಲ್ಲಿರುವ ಮೀನು ಇರುವ ಜಾಗದಲ್ಲಿ ಕಾಣುವುದಿಲ್ಲ, ಸ್ವಲ್ಪ ಮೇಲೆ ಕಾಣುತ್ತದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದೇ ಕಾರಣ. ಮೇಲಿನಿಂದ ನೋಡಿದರೆ ನಾಲ್ಕು ಬೆರಳು ಆಳದ ನೀರು ಮೂರೇ ಬೆರಳಿನಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಮೀನಿನ ಸ್ಥಾನವೂ ತಪ್ಪುತ್ತದೆ, ನೇರ ಮೇಲಿನಿಂದ ನೋಡಿದರೆ ಆಳ ಮಾತ್ರ ತಪ್ಪುತ್ತದೆ, ಜಾಗ ತಪ್ಪುವುದಿಲ್ಲ. ಬೆಳ್ಳಕ್ಕಿ ಓರೆಯಾಗಿಯೇ ನೋಡಬೇಕು, ಆದರೂ ಕುಕ್ಕುವಾಗ ಕಂಡ ಜಾಗಕ್ಕೆ ಅಲ್ಲ, ಇರುವ ಜಾಗಕ್ಕೆ ಕುಕ್ಕುತ್ತದೆ. ಬೆಳ್ಳಕ್ಕಿಗಳು ಈ ಬಾಗುವಿಕೆಯನ್ನು ಸರಿದೂಗಿಸಿಕೊಳ್ಳುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಬುತ್ತಿಯ ಪಾತ್ರೆ ಖಾಲಿಯಾದ ಮೇಲೆ ಅದರ ತಳದಲ್ಲಿ ಒಂದು ನಾಣ್ಯ ಹಾಕಿ, ಅದು ಅಂಚಿನಿಂದ ಮರೆಯಾಗುವಷ್ಟು ಹಿಂದೆ ಸರಿದು ನಿಲ್ಲಲು ಮಗುವಿಗೆ ಹೇಳಿ ನೀರು ತುಂಬಿಸಿದರೆ ನಾಣ್ಯ ಎದ್ದು ಕಾಣುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೆ ಈ ಚಿತ್ರ ಬರೆದು ಅಭ್ಯಾಸ ಇರುತ್ತದೆ, ನೋಡಿ ಅಭ್ಯಾಸ ಇರುವುದಿಲ್ಲ.

ಮಧ್ಯಾಹ್ನ ಹನ್ನೊಂದರ ಮೇಲೆ ಹಕ್ಕಿಗಳು ನೆರಳು ಹಿಡಿಯುತ್ತವೆ, ಮಕ್ಕಳಿಗೂ ಬೇಸರ ಬರುತ್ತದೆ. ಮರದ ಕೆಳಗೆ ಬುತ್ತಿ ಬಿಚ್ಚುವ ಹೊತ್ತು ಅದು. ಮೂಡೆಯೋ, ಬನ್ಸೋ, ಏನಿದ್ದರೂ ಎಲೆಯಲ್ಲಿ ಕಟ್ಟಿಕೊಂಡು ಹೋದರೆ ಪ್ಲಾಸ್ಟಿಕ್ ಹೊತ್ತು ತರುವ ಕೆಲಸ ಉಳಿಯುತ್ತದೆ. ಇಲ್ಲಿ ಹೆತ್ತವರಿಗೆ ಗಟ್ಟಿಯಾಗಿ ಹೇಳಬೇಕಾದ ಒಂದು ವಿಷಯವಿದೆ. ಹಲಗೆಯ ಮೇಲ್ಭಾಗದ ನೀರು ನೋಡಲು ಶಾಂತವಾಗಿರುತ್ತದೆ, ಆದರೆ ಮಳೆಗಾಲದ ನೆರೆ ಕೊರೆದ ಗುಂಡಿಗಳು, ಹೊಯ್ಗೆ ತೆಗೆದ ಗುಂಡಿಗಳು ಅದರಡಿ ಇರುತ್ತವೆ; ತಳದಲ್ಲಿ ಕೆಸರು. ದಂಡೆಯಿಂದ ಎರಡು ಹೆಜ್ಜೆಗೆ ಮೊಣಕಾಲು, ಮೂರನೆಯದಕ್ಕೆ ತಲೆ ಮುಳುಗುವ ಆಳ ಬರಬಹುದು. ಮಕ್ಕಳು ಅಲ್ಲಿ ಸ್ನಾನಕ್ಕೆ ಇಳಿಯಕೂಡದು. ಅಣೆಕಟ್ಟಿನ ಮೇಲಿನ ಕಾಲುದಾರಿಗೆ ಕೈಪಿಡಿ ಇಲ್ಲದಿದ್ದರೆ ಸಣ್ಣವರನ್ನು ಅಲ್ಲಿ ಬಿಡಕೂಡದು. ಹಕ್ಕಿ ನೋಡುತ್ತ ಕಣ್ಣು ಮೇಲಿರುವಾಗ ಕಾಲು ಎಲ್ಲಿದೆ ಎಂಬುದು ದೊಡ್ಡವರಿಗೂ ಮರೆಯುತ್ತದೆ.

ಊಟದ ಮೇಲೆ ಎದುರು ದಂಡೆಯ ಮಣ್ಣಿನ ಗೋಡೆಯನ್ನು ನೋಡುತ್ತ ಕೂತರೆ, ಆಳೆತ್ತರದ ಕಡಿದಾದ ಮಣ್ಣಿನಲ್ಲಿ ಅಲ್ಲಲ್ಲಿ ದುಂಡಗಿನ ತೂತುಗಳು ಕಾಣಬಹುದು. ಇಲಿಯ ಬಿಲವಲ್ಲ, ಹಾವಿನದ್ದೂ ಅಲ್ಲ. ಮಿಂಚುಳ್ಳಿ ಮತ್ತು ಕಳ್ಳಿಪೀರಗಳ ಹಳೆಯ ಮನೆಗಳು. ಈ ಹಕ್ಕಿಗಳು ಮರದಲ್ಲಿ ಗೂಡು ಕಟ್ಟುವುದಿಲ್ಲ. ದಂಡೆಯ ಮಣ್ಣಿನಲ್ಲಿ ಕೊಕ್ಕಿನಿಂದ ಅಗೆದು, ಕಾಲಿನಿಂದ ಮಣ್ಣು ಹಿಂದಕ್ಕೆ ಚಿಮ್ಮುತ್ತ, ಒಂದು ಮೊಳಕ್ಕೂ ಮೀರಿದ ಸುರಂಗ ಕೊರೆಯುತ್ತವೆ. ಪುಟ್ಟ ಮಿಂಚುಳ್ಳಿಯ ಸುರಂಗ ಒಳಕ್ಕೆ ಹೋಗುತ್ತ ಸ್ವಲ್ಪ ಏರುತ್ತದೆ, ನೀರು ಒಳನುಗ್ಗದಿರಲೆಂದು. ಕೊನೆಯಲ್ಲಿ ಒಂದು ಕೋಣೆ, ಅದರಲ್ಲಿ ದುಂಡಗಿನ ಅಚ್ಚ ಬಿಳಿ ಮೊಟ್ಟೆಗಳು. ಕತ್ತಲೆಯಲ್ಲಿ ಇಡುವ ಮೊಟ್ಟೆಗೆ ಮರೆಮಾಚುವ ಚುಕ್ಕೆ ಬೇಕಾಗಿಲ್ಲ. ಅದಕ್ಕೆ ಎದುರಾಗಿ ಟಿಟ್ಟಿಭವನ್ನು ನೋಡಬೇಕು: ಅದು ಬಯಲಿನ ಕಲ್ಲುಗಳ ನಡುವೆಯೇ, ಸಾಮಾನ್ಯವಾಗಿ ನಾಲ್ಕು, ಕಲ್ಲಿನದೇ ಬಣ್ಣದ ಮೊಟ್ಟೆ ಇಡುತ್ತದೆ. ಏಪ್ರಿಲಿನ ಬಿಸಿಲಿಗೆ ಮೊಟ್ಟೆ ಬೇಯದಂತೆ ಹೊಟ್ಟೆಯ ಗರಿಯನ್ನು ನೀರಿನಲ್ಲಿ ನೆನೆಸಿ ಬಂದು ಕೂರುತ್ತದೆ. ಜನ ಹತ್ತಿರ ಬಂದರೆ ಅದು ಎದ್ದು ಕೂಗುತ್ತ ಸುತ್ತುತ್ತದೆ. ಆ ಕೂಗು ಕೇಳಿದ ಕೂಡಲೇ ಮಾಡಬೇಕಾದ್ದು ಗೂಡು ಹುಡುಕುವುದಲ್ಲ, ಬಂದ ದಾರಿಯಲ್ಲಿ ಹಿಂದೆ ಸರಿಯುವುದು. ಹಕ್ಕಿ ಎದ್ದಿರುವಷ್ಟು ಹೊತ್ತೂ ಮೊಟ್ಟೆ ಬಿಸಿಲಿನಲ್ಲಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದನ್ನು, ಗೂಡು ಕೆದಕುವುದನ್ನು ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಲಾಗಿದೆ. ಗೂಡಿನ ಹತ್ತಿರ ಹೋಗಿ ತೆಗೆದ ಫೋಟೋ ಮೊಬೈಲಿನಲ್ಲಿ ನೂರು ಜನಕ್ಕೆ ಹೋದರೆ ಮರುದಿನ ಹತ್ತು ಜನ ಅಲ್ಲಿಗೆ ಬರುತ್ತಾರೆ. ಹಕ್ಕಿಯ ಕೂಗನ್ನು ಮೊಬೈಲಿನಿಂದ ನುಡಿಸಿ ಕರೆಯುವುದೂ ಸಲ್ಲದು. ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ಅದು ಮೇವು ಬಿಟ್ಟು ಜಗಳಕ್ಕೆ ಹೊರಡುತ್ತದೆ.

ದಂಡೆಯ ಆ ಮಣ್ಣಿನ ಗೋಡೆಯ ಬಗ್ಗೆಯೇ ಈಗ ಚಿಂತಿಸಬೇಕಾಗಿದೆ. ಹೊಳೆಯ ಬದಿ ಜರಿಯದಿರಲೆಂದು ಮುರಕಲ್ಲಿನ, ಕಾಂಕ್ರೀಟಿನ ತಡೆಗೋಡೆಗಳು ಎದ್ದಿವೆ, ಏಳುತ್ತಿವೆ. ಇದನ್ನು ಬೇಡ ಎನ್ನುವುದು ಸುಲಭ. ಒಂದು ಮಳೆಗಾಲಕ್ಕೆ ಹತ್ತು ಅಡಿಕೆ ಮರ ಹೊಳೆ ಪಾಲಾದ ಕೃಷಿಕನೆದುರು ನಿಂತು ಹೇಳುವುದು ಸುಲಭವಲ್ಲ. ಮನೆ, ತೋಟ, ಸೇತುವೆ ಇರುವಲ್ಲಿ ಗೋಡೆ ಬೇಕು. ಆದರೆ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಉದ್ದಕ್ಕೂ ಗೋಡೆ ಬೇಕೇ ಎಂಬ ಪ್ರಶ್ನೆ ಕೇಳಬಹುದು. ಎದುರಿಗೆ ಬರೇ ಪೊದೆ ಇರುವಲ್ಲಿ, ದಂಡೆ ತಾನಾಗಿ ಗಟ್ಟಿಯಿರುವಲ್ಲಿ, ಐವತ್ತು ಅಡಿ ಮಣ್ಣು ಹಾಗೆಯೇ ಉಳಿದರೆ ಯಾರ ತೋಟವೂ ಹೋಗುವುದಿಲ್ಲ. ಕಾಂಕ್ರೀಟಿಗೆ ಕೊಕ್ಕು ಇಳಿಯದು. ಮೀನು ಎಷ್ಟೇ ಇರಲಿ, ಗೂಡು ಕೊರೆಯಲು ಮಣ್ಣಿಲ್ಲದ ಹೊಳೆಯಲ್ಲಿ ಮಿಂಚುಳ್ಳಿ ಊಟಕ್ಕೆ ಬಂದೀತು, ಸಂಸಾರ ಹೂಡದು. ಹೊಯ್ಗೆ ತೆಗೆಯುವಾಗಲೂ ಇದೇ ಕಥೆ: ಹೊಳೆಯ ತಳ ಇಳಿದಷ್ಟೂ ದಂಡೆಯ ಬುಡ ಸಡಿಲವಾಗಿ ಜರಿಯುತ್ತದೆ, ಜರಿದಲ್ಲಿಗೆ ಮತ್ತೆ ಗೋಡೆ ಬೇಕಾಗುತ್ತದೆ.

ಮನುಷ್ಯ ಹೊಳೆಗೆ ಕೈ ಹಾಕಿದರೆ ಹಕ್ಕಿಗೆ ನಷ್ಟವೇ ಎಂದೇನೂ ಅಲ್ಲ. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟನ್ನೇ ನೋಡಬಹುದು. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದಾಗ ನದಿಯಲ್ಲಿ ತಿಟ್ಟುಗಳು ಉಂಟಾದವು. ಸುತ್ತ ನೀರಿರುವ ಆ ತಿಟ್ಟುಗಳ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿದವು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಒಡ್ಡು ಕಟ್ಟಿದವರು ಹಕ್ಕಿಗಳನ್ನು ನೆನೆದು ಕಟ್ಟಿರಲಾರರು. ಆದರೆ ಆಮೇಲೆ ಬಂದವರಲ್ಲಿ ಒಬ್ಬರು ನೋಡಿದರು, ನೋಡಿದ್ದನ್ನು ಹೇಳಬೇಕಾದವರಿಗೆ ಹೇಳಿದರು.

ನೋಡಿದ್ದನ್ನು ಬರೆದಿಡಲು ಮಕ್ಕಳಿಗೆ ನೂರು ಪುಟದ ಒಂದು ನೋಟು ಪುಸ್ತಕ ಸಾಕು. ತಾರೀಕು, ಹೊತ್ತು, ಹಲಗೆಯ ಮೇಲೋ ಕೆಳಗೋ, ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು. ಹೆಸರು ಗೊತ್ತಾಗದಿದ್ದರೆ ಚಿತ್ರ ಬರೆದು ಕೊಕ್ಕು, ಕಾಲು, ಬಾಲದ ವಿವರ ಗುರುತಿಸಿದರಾಯಿತು. ಹೆಸರು ನಿಧಾನವಾಗಿ ಸಿಗುತ್ತದೆ. ಅರ್ಧ ಗಂಟೆ ಒಂದೇ ಕಡೆ ಕೂತು ಬರೆದ ಪಟ್ಟಿ, ಇಡೀ ದಿನ ಅಲೆದು ನೆನಪಿನಿಂದ ಬರೆದ ಪಟ್ಟಿಗಿಂತ ಹೆಚ್ಚು ಬೆಲೆಯುಳ್ಳದ್ದು. ಮೊಬೈಲ್ ಇರುವವರು ‘ಇ-ಬರ್ಡ್’ ಎಂಬ ಜಾಲಕ್ಕೆ ಈ ಪಟ್ಟಿಯನ್ನು ಸೇರಿಸಬಹುದು. ಸುಮಾರು 30,000 ಮಂದಿ ಹವ್ಯಾಸಿಗಳು ಹೀಗೆ ಕೊಟ್ಟ ಪಟ್ಟಿಗಳ ಆಧಾರದಿಂದಲೇ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ ವರದಿ ಹೊರಬಂತು. 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ತುರ್ತು ಗಮನ ಬೇಕೆಂದು ಅದು ಹೇಳಿತು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ನಡೆಯುವ ಹಿತ್ತಿಲ ಹಕ್ಕಿಗಳ ಎಣಿಕೆಯಲ್ಲಿ ಭಾರತ 2013ರಿಂದ ಪಾಲ್ಗೊಳ್ಳುತ್ತಿದೆ. ಹದಿನೈದು ನಿಮಿಷದ ಪಟ್ಟಿಗೂ ಅದರಲ್ಲಿ ಜಾಗವಿದೆ. ಹೊಳೆ ದೂರವಿರುವವರಿಗೆ ಕಾರ್ಕಳದ ಆನೆಕೆರೆ, ರಾಮಸಮುದ್ರಗಳೂ ಆದೀತು.

ಒಂದೇ ಜಾಗಕ್ಕೆ ವರ್ಷದಲ್ಲಿ ಮೂರು ಸಲ ಹೋಗುವುದು ಮೂರು ಬೇರೆ ಊರು ಸುತ್ತುವುದಕ್ಕಿಂತ ಹೆಚ್ಚು ಕಲಿಸುತ್ತದೆ. ಹಲಗೆ ಹಾಕುವ ಮೊದಲು ಒಮ್ಮೆ, ಜನವರಿಯಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ. ಏಪ್ರಿಲಿಗೆ ಬೂದು ಸಿಪಿಲೆ ಉತ್ತರಕ್ಕೆ ಮರಳಿರುತ್ತದೆ, ಕೆಳಗಿನ ನೀರು ಗುಂಡಿಗಳಿಗೆ ಇಳಿದಿರುತ್ತದೆ, ಸಿಕ್ಕಿಬಿದ್ದ ಮೀನಿಗೆ ಬೆಳ್ಳಕ್ಕಿಗಳ ಸಂತೆ ನೆರೆದಿರುತ್ತದೆ. ಎದುರು ದಂಡೆಯ ಯಾವ ತೂತಿಗೆ ಹಕ್ಕಿ ಮೀನು ಹಿಡಿದುಕೊಂಡು ಹೋಗುತ್ತಿದೆ ಎಂಬುದನ್ನು ಈಚೆ ದಡದಲ್ಲೇ ಕೂತು ಲೆಕ್ಕ ಹಾಕಬಹುದು.

ಮಳೆಗಾಲದಲ್ಲಿ ಕೆನ್ನೀರು ತುಂಬಿ ಹರಿಯುವ ಶಾಂಭವಿಯಲ್ಲಿ ನೋಡಲು ಹೆಚ್ಚೇನೂ ಸಿಗದು. ಆಗ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ ದಾಟಿ ಶಿವಮೊಗ್ಗದ ದಾರಿಯಲ್ಲಿ ಸುಮಾರು 30 ಕಿ.ಮೀ. ಹೋದರೆ ಮಂಡಗದ್ದೆ. ತುಂಗಾ ನದಿಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಯ ತಿಂಗಳುಗಳಲ್ಲೇ ಗೂಡು ಕಟ್ಟುತ್ತವೆ. ರಸ್ತೆಯ ಬದಿಯಲ್ಲಿ ನಿಂತರೆ ಸಾಕು, ಮರಿಗಳ ಕೂಗಾಟವೂ ಕೇಳುತ್ತದೆ. ಘಾಟಿಯಲ್ಲಿ ಮಂಜು ದಟ್ಟವಾಗಿರುವುದರಿಂದ ಬೆಳಕು ಹರಿದ ಮೇಲೆಯೇ ಹೊರಟು, ಕತ್ತಲಾಗುವ ಮುಂಚೆ ಇಳಿದು ಬರುವುದು ಒಳ್ಳೆಯದು.